ಅರಸಿದರೆ ಸಿಗುವ ಅರಸಿ

ಚಿತ್ರದುರ್ಗ ಜಿಲ್ಲೆಯ ನಕ್ಷೆಯನ್ನು ಪದಬಂಧ ಬಿಡಿಸುವವರ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಥಟ್ಟನೆ ಕಾಣುತ್ತದೆ. ಚಿತ್ರದುರ್ಗಕ್ಕೆ ನಾಲ್ಕು ಮನೆ ಬೇಕು: ಚಿ, ತ್ರ, ದು, ರ್ಗ. ಹಿರಿಯೂರಿಗೆ ನಾಲ್ಕು, ಹೊಸದುರ್ಗಕ್ಕೆ ನಾಲ್ಕು, ಹೊಳಲ್ಕೆರೆಗೆ ನಾಲ್ಕು, ಚಳ್ಳಕೆರೆಗೂ ನಾಲ್ಕೇ. ಮೊಳಕಾಲ್ಮುರು ಒಂದೇ ಐದು ಮನೆ ಕೇಳುತ್ತದೆ. ಹೊಸದುರ್ಗವನ್ನು ಎಡದಿಂದ ಬಲಕ್ಕೆ ಬರೆದರೆ ಅದರ ‘ಹೊ’ ಹಿಡಿದು ಹೊಳಲ್ಕೆರೆ ಕೆಳಕ್ಕೆ ಇಳಿಯುತ್ತದೆ. ಕೊನೆಯ ‘ರ್ಗ’ಕ್ಕೆ ಚಿತ್ರದುರ್ಗ ಮೇಲಿನಿಂದ ಬಂದು ಕೂಡಿಕೊಳ್ಳುತ್ತದೆ. ಹೊಳಲ್ಕೆರೆಯ ‘ರೆ’ಗೆ ಚಳ್ಳಕೆರೆ ಅಡ್ಡ ಬರುತ್ತದೆ. ಹಿರಿಯೂರೂ ಮೊಳಕಾಲ್ಮುರುವೂ ‘ರು’ವಿನಲ್ಲಿ ಸಂಧಿಸುತ್ತವೆ.

ಇನ್ನೂ ಹತ್ತಿರದಿಂದ ನೋಡಿ. ಚಳ್ಳಕೆರೆಯ ಕೊನೆಯ ಎರಡು ಮನೆಗಳಲ್ಲಿ ‘ಕೆರೆ’ ಎಂಬ ಪದ ಇಡಿಯಾಗಿ ಇದೆ. ಹೊಳಲ್ಕೆರೆಯಲ್ಲಿ ಇಲ್ಲ. ಅಲ್ಲಿ ‘ಕೆ’ ಲಕಾರದ ಒತ್ತಾಗಿ ‘ಲ್ಕೆ’ ಆಗಿಬಿಟ್ಟಿದೆ. ಕಿವಿಗೆ ಕೇಳಿಸುವ ಕೆರೆ ಮನೆಗಳಲ್ಲಿ ಕಾಣುವುದಿಲ್ಲ. ಕನ್ನಡ ಪದಬಂಧದ ಮೊದಲ ಪಾಠ ಇದೇ: ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. ‘ಪುರಾಣಿಕ’ರ ಒಳಗೆ ‘ರಾಣಿ’ ನಿಶ್ಚಿಂತೆಯಾಗಿ ಕೂತಿದ್ದಾಳೆ. ‘ಪ್ರಾಣಿ’ಯೊಳಗೆ ಅವಳಿಗೆ ಜಾಗವಿಲ್ಲ, ಅಲ್ಲಿ ‘ರಾ’ ಪಕಾರದ ಕೆಳಗೆ ಸಿಕ್ಕಿಕೊಂಡಿದೆ. ಹಾಗಾಗಿ ‘ಪುರಾಣಿಕರ ನಡುಮನೆಯಲ್ಲಿ ಅರಸಿ (2)’ ಎಂಬ ಸುಳಿವು ನ್ಯಾಯವಾದದ್ದು. ಪ್ರಾಣಿಯನ್ನಿಟ್ಟು ಇದೇ ಆಟ ಆಡಲು ಹೋದರೆ ಬಿಡಿಸುವವರಿಗೆ ಮೋಸ.

ನಮ್ಮ ದಿನಪತ್ರಿಕೆಗಳ ಪದಬಂಧಗಳಲ್ಲಿ ಬಹುಪಾಲು ಸುಳಿವುಗಳು ನೇರ ಅರ್ಥದವು. ‘ರಾಣಿ (3)’ ಎಂದಿದ್ದರೆ ಅರಸಿ ಎಂದು ಬರೆಯುವುದು. ನಡುನಡುವೆ ‘ಹಿಂದುಮುಂದಾಗಿದೆ’, ‘ತಲೆಕೆಳಗಾಗಿದೆ’ ಎಂಬ ಸಣ್ಣ ಕೀಟಲೆ ಇರುತ್ತದೆ. ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್ ಇಂಥ ಸಾವಿರಾರು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಯ ಪುಸ್ತಕ ಸೇರಿದ್ದಾರೆ. ಬಸ್ಸಿನಲ್ಲಿ, ಹೋಟೆಲಿನ ಮೇಜಿನ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಪೆನ್ನು ಹಿಡಿದು ಕೂರುವ ದೊಡ್ಡ ಬಳಗವೊಂದು ಕನ್ನಡಕ್ಕೆ ಇದೆ ಎಂದರೆ ಅದರ ಹಿಂದೆ ಇಂಥವರ ದುಡಿಮೆಯಿದೆ. ನಾನು ಹೇಳಹೊರಟಿರುವುದು ಇದರ ಮುಂದಿನ ಮೆಟ್ಟಿಲಿನ ಬಗ್ಗೆ. ಗೂಢ ಪದಬಂಧದ ಬಗ್ಗೆ.

ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ಪುಟದಲ್ಲಿ. ರಚಿಸಿದವರು ಲಿವರ್‌ಪೂಲ್‌ನಿಂದ ವಲಸೆ ಹೋಗಿದ್ದ ಆರ್ಥರ್ ವಿನ್. ಅದು ನೇರ ಸುಳಿವುಗಳ ಆಟವಾಗಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಸುಳಿವಿಗೆ ಎರಡು ನಾಲಿಗೆ ಬಂದವು. 1926ರಿಂದ ಅಬ್ಸರ್ವರ್ ಪತ್ರಿಕೆಗೆ ಟಾರ್ಕ್ವೆಮಾಡಾ ಎಂಬ ಹೆಸರಿನಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ರಚಿಸಿದ ಪದಬಂಧಗಳು ಪೂರ್ತಿ ಗೂಢವಾಗಿದ್ದವು. ಅವರ ನಂತರ ಬಂದ ಕ್ಸಿಮೆನೀಸ್, ಅಂದರೆ ಡಿ.ಎಸ್. ಮ್ಯಾಕ್ನಟ್, 1966ರ ತಮ್ಮ ಪುಸ್ತಕದಲ್ಲಿ ಈ ಆಟಕ್ಕೊಂದು ನ್ಯಾಯಶಾಸ್ತ್ರವನ್ನೇ ಬರೆದರು. ಸುಳಿವಿನ ಒಂದು ತುದಿಯಲ್ಲಿ ಉತ್ತರದ ಅರ್ಥ ಇರಬೇಕು, ಉಳಿದ ಭಾಗದಲ್ಲಿ ಅಕ್ಷರಗಳನ್ನು ಕೂಡಿಸಿಯೋ ಕಳೆದೋ ಉತ್ತರ ಕಟ್ಟುವ ದಾರಿ ಇರಬೇಕು, ಬೇರೇನೂ ಇರಬಾರದು. ಓದುವವರ ದಾರಿ ತಪ್ಪಿಸಬಹುದು, ಸುಳ್ಳು ಹೇಳಬಾರದು. ನಮ್ಮ ದೇಶದಲ್ಲಿ ದಿ ಹಿಂದೂ ಪತ್ರಿಕೆಗೆ 1971ರಿಂದ ಇಂಥ ಪದಬಂಧ ರಚಿಸುತ್ತಿದ್ದವರು ನೌಕಾಪಡೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಆರ್.ಡಿ. ಕಟಾರಿ.

ಇಂಗ್ಲಿಷ್ ಗೂಢ ಪದಬಂಧಗಳಲ್ಲಿ ರಾಣಿ ಮತ್ತು ಕಾಲ ಬಹಳ ದುಡಿದಿರುವ ಎರಡು ಪದಗಳು. ರಾಣಿ ಎಂದರೆ ಎಲಿಜಬೆತ್ ರಾಣಿಯ ಮುದ್ರೆಯಲ್ಲಿದ್ದ ‘ಇ’ ಮತ್ತು ‘ಆರ್’, ಇಲ್ಲವೇ ಚದುರಂಗದ ‘ಕ್ಯೂ’, ಇಲ್ಲವೇ ಹೆಣ್ಣು ಬೆಕ್ಕು. ಕಾಲ ಎಂದರೆ ‘ಟಿ’ ಒಂದೇ ಅಕ್ಷರ, ಇಲ್ಲವೇ ನಿಮಿಷದ ಸಂಕ್ಷೇಪ. ‘ಶತ್ರು’ ಎಂದು ಬರೆದು ಕಾಲವನ್ನು ಸೂಚಿಸುವ ರೂಢಿಯೂ ಅವರಲ್ಲಿದೆ. 2022ರ ಸೆಪ್ಟೆಂಬರ್ 8ರಂದು ಎಲಿಜಬೆತ್ ತೀರಿಕೊಂಡ ಮೇಲೆ ಆ ಎರಡಕ್ಷರಗಳನ್ನು ಸೂಚಿಸುವಾಗ ‘ಹಿಂದಿನ ರಾಣಿ’ ಎಂದೇ ಹೇಳಬೇಕಾಯಿತು. ಈ ಉಪಾಯಗಳಲ್ಲಿ ಒಂದೂ ಕನ್ನಡಕ್ಕೆ ನೇರವಾಗಿ ಬರುವುದಿಲ್ಲ. ನಾವು ಒಂದಕ್ಷರದ ಸಂಕ್ಷೇಪಗಳಲ್ಲಿ ಬದುಕುವವರಲ್ಲ. ಆದ್ದರಿಂದ ಕನ್ನಡದಲ್ಲಿ ಗೂಢ ಪದಬಂಧ ಆಗದು ಎಂದು ಕೆಲವರು ಕೈಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಕ್ಷರ, ಸಂಧಿ, ನಾನಾರ್ಥ ಈ ಮೂರೂ ಇರುವ ಭಾಷೆಗೆ ಬಚ್ಚಿಡುವ ಜಾಗಕ್ಕೆ ಬರವಿಲ್ಲ. ರಾಣಿಯನ್ನೂ ಕಾಲವನ್ನೂ ಹಿಡಿದು, ದುರ್ಗದ ಸೀಮೆಯೊಳಗೇ ನಿಂತು ಅದನ್ನು ತೋರಿಸಬಹುದು.

‘ಹುಡುಕಿ ತಂದ ರಾಣಿ (3)’. ಓದಿದ ಕೂಡಲೇ ಯಾವುದೋ ಸ್ವಯಂವರ, ಅಪಹರಣ, ಸಂಯುಕ್ತೆ, ರುಕ್ಮಿಣಿ ಎಂದು ಮನಸ್ಸು ಓಡುತ್ತದೆ. ಓಡಲಿ, ಸುಳಿವಿನ ಕೆಲಸವೇ ಅದು. ಈಗ ವಾಕ್ಯವನ್ನು ಮುರಿಯಿರಿ. ‘ಹುಡುಕಿ’ ಎಂಬುದಕ್ಕೆ ಮೂರಕ್ಷರದ ಇನ್ನೊಂದು ಕನ್ನಡ ಪದ ‘ಅರಸಿ’. ರಾಣಿಗೂ ಅದೇ. ನಡುವಿನ ‘ತಂದ’ ಎರಡು ಅರ್ಥಗಳನ್ನು ಜೋಡಿಸುವ ಕೊಂಡಿ. ಬಿಡಿಸಿದ ಮೇಲೆ ಒಂದು ಪದವೂ ಮಿಕ್ಕಲಿಲ್ಲ, ಒಂದೂ ಸಾಲದೆ ಬರಲಿಲ್ಲ. ಒಳ್ಳೆಯ ಸುಳಿವಿನ ಗುರುತು ಇದು.

ಅರಸಿಯನ್ನು ಪುರಾಣಿಕರ ಮನೆಯಲ್ಲಿ ರಾಣಿಯನ್ನು ಬಚ್ಚಿಟ್ಟಂತೆ ಬಚ್ಚಿಡಲು ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ‘ಅ’ ಸ್ವರ, ಸ್ವರಾಕ್ಷರ ಪದದ ಮೊದಲಲ್ಲಿ ಮಾತ್ರ ತನ್ನ ರೂಪದಲ್ಲಿ ನಿಲ್ಲುತ್ತದೆ, ನಡುವೆ ಬಂದರೆ ಹಿಂದಿನ ವ್ಯಂಜನದಲ್ಲಿ ಕರಗಿ ಹೋಗುತ್ತದೆ. ‘ರಾಣಿ’ಗೆ ಬೇರೆ ಕಷ್ಟ. ಎರಡು ಪದಗಳ ಸಂದಿಯಲ್ಲಿ ಅವಳನ್ನು ಅಡಗಿಸಬೇಕಾದರೆ ಎರಡನೆಯ ಪದ ‘ಣಿ’ಯಿಂದ ಶುರುವಾಗಬೇಕು, ಅಂಥ ಪದ ಎಲ್ಲಿಂದ ತರುವುದು? ‘ಕಾಲ’ಕ್ಕೆ ಈ ತೊಡಕಿಲ್ಲ. ‘ಮಲ್ಲಿಕಾ ಲತೆಯಲ್ಲಿ ಅಡಗಿದ ಯಮ (2)’ ಎಂದರೆ ಸಾಕು, ‘ಕಾ’ ಒಂದು ಪದದ ಕೊನೆಯಲ್ಲಿ, ‘ಲ’ ಇನ್ನೊಂದರ ಮೊದಲಲ್ಲಿ. ಇವೆಲ್ಲ ಇಂಗ್ಲಿಷ್ ಪುಸ್ತಕ ಹೇಳಿಕೊಡದ ನಿಯಮಗಳು. ಕನ್ನಡದಲ್ಲಿ ಸುಳಿವು ಬರೆಯಲು ಕೂತವರಿಗೆ ಮಾತ್ರ ಗೊತ್ತಾಗುವಂಥವು.

ದುರ್ಗಕ್ಕೆ ತನ್ನದೇ ರಾಣಿ ಪದವಿದೆ. ಪಾಳೆಯಗಾರ ನಾಯಕರ ಪತ್ನಿಯರನ್ನು ‘ನಾಗತಿ’ ಎನ್ನುತ್ತಿದ್ದರು. ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಓದಿದವರಿಗೆ ಆ ಪದದ ಗತ್ತು ಗೊತ್ತು. ಮೂರೇ ಮನೆ, ಮತ್ತು ಒಡೆದರೆ ಅಚ್ಚುಕಟ್ಟಾಗಿ ಎರಡು ಹೋಳು: ನಾ, ಗತಿ. ‘ನಾನೂ ನಡಿಗೆಯೂ ಕೂಡಿ ದುರ್ಗದ ಅರಮನೆಯವಳು (3)’. ಇಲ್ಲೊಂದು ಎಚ್ಚರ ಬೇಕು. ದುರ್ಗದ ಹೆಣ್ಣು, ಮೂರಕ್ಷರ ಎಂದ ತಕ್ಷಣ ಕೈ ತಾನಾಗಿ ‘ಓಬವ್ವ’ ಎಂದು ಬರೆಯುತ್ತದೆ. ಒನಕೆ ಓಬವ್ವ ರಾಣಿಯಲ್ಲ, ಕೋಟೆಯ ಕಾವಲುಗಾರನ ಹೆಂಡತಿ. ಹೈದರನ ಸೈನಿಕರು ನುಸುಳಿದ ಕಿಂಡಿಯ ಬಳಿ ಅವಳು ಒನಕೆ ಹಿಡಿದು ನಿಂತಳು ಎಂಬುದೇ ಅವಳ ದೊಡ್ಡತನ. ಅವಳ ತಲೆಗೆ ಕಿರೀಟ ತೊಡಿಸಿದರೆ ಆ ದೊಡ್ಡತನವನ್ನು ಕುಗ್ಗಿಸಿದಂತೆ. ಸುಳಿವಿನಲ್ಲಿ ‘ಅರಮನೆ’ ಎಂಬ ಪದ ಇಟ್ಟಿರುವುದು ಈ ಕಾರಣಕ್ಕೆ.

ಇನ್ನು ಹಿರಿಯೂರಿನ ರಾಣಿ. ‘ಸರಸ್ವತಿಯ ಲೀಲೆ ಹಿರಿಯೂರಿನ ನೀರಿಗೆ ಹೆಸರು (5)’. ಸರಸ್ವತಿ ‘ವಾಣಿ’, ಲೀಲೆ ‘ವಿಲಾಸ’. ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನೊಂದಿಗೆ ರಾಜಪ್ರತಿನಿಧಿಯಾಗಿ 1902ರವರೆಗೆ ಸಂಸ್ಥಾನ ನಡೆಸಿದರು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಹಿಡಿದದ್ದು ಅವರ ಆಡಳಿತದಲ್ಲಿ, ಮುಗಿದದ್ದು 1907ರಲ್ಲಿ. ಸುತ್ತಿನ ಊರುಗಳ ಬಾಯಲ್ಲಿ ಇವತ್ತಿಗೂ ಅದು ಮಾರಿಕಣಿವೆಯೇ, ಕಣಿವೆ ಮಾರಮ್ಮನ ಜಾಗ. ಸರ್ಕಾರಿ ಕಾಗದದಲ್ಲಿ ವಾಣಿವಿಲಾಸ ಸಾಗರ, ಪತ್ರಿಕೆಗಳಲ್ಲಿ ವಿವಿ ಸಾಗರ. 30 ಟಿಎಂಸಿ ನೀರು ಹಿಡಿಯಬಲ್ಲ ಈ ಜಲಾಶಯದ ಪೂರ್ಣಮಟ್ಟ 130 ಅಡಿ. ಮಳೆನೆರಳಿನ ಸೀಮೆಯಲ್ಲಿ ಅಷ್ಟು ನೀರು ಬರುವುದೆಂದರೆ ಸಾಮಾನ್ಯವಲ್ಲ. 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲಗಳವರೆಗೂ ಏರಿತು; ಕೆಳಗಿನವರ ಹಬ್ಬ ಮೇಲಿನವರ ಆತಂಕವೂ ಆಯಿತು. ಕೋಡಿಯ ನೀರು ನೋಡಲು ಜನ ಹಿಂಡುಹಿಂಡಾಗಿ ಬಂದ ಆ ದಿನಗಳಲ್ಲೇ ಲಂಡನ್ನಿನಿಂದ ಎಲಿಜಬೆತ್ ಸುದ್ದಿಯೂ ಬಂತು. ಒಂದು ಭಾಷೆಯ ಪದಬಂಧಕ್ಕೆ ರಾಣಿಯೊಬ್ಬಳು ಹಳಬಳಾದ ವಾರದಲ್ಲೇ ಇನ್ನೊಂದು ಭಾಷೆಯ ಸೀಮೆಯಲ್ಲಿ ರಾಣಿಯ ಹೆಸರು ಹೊತ್ತ ನೀರು ತುಂಬಿ ಹರಿಯುತ್ತಿತ್ತು.

ಆ ನದಿಯ ದಂಡೆಯಿಂದಲೇ ಕಾಲದ ಸುಳಿವುಗಳಿಗೆ ಬರೋಣ. ‘ಹಿಮ್ಮುಖವಾಗಿ ಹರಿದ ದಿನ (2)’. ‘ದಿನ’ವನ್ನು ಬಲದಿಂದ ಎಡಕ್ಕೆ ಓದಿದರೆ ‘ನದಿ’. ಹರಿಯುವುದು ನದಿಯ ಗುಣ, ಉರುಳುವುದು ದಿನದ ಗುಣ. ಎರಡೂ ಅವೇ ಎರಡು ಅಕ್ಷರಗಳಲ್ಲಿ. ಇಂಥದು ತಾನಾಗಿ ಒದಗಿಬಂದಾಗ ರಚಿಸುವವರಿಗೆ ಆಗುವ ಸಂತೋಷ ದೊಡ್ಡದು. ಇನ್ನೊಂದು: ‘ಮೂರು ತಾಸು ಹಿಂದಕ್ಕೆ ಸರಿದರೆ ಕೆಲಸ ಹೋಯಿತು (2)’. ಹಗಲು ರಾತ್ರಿ ಕೂಡಿದ ದಿನಕ್ಕೆ ಎಂಟು ಜಾವ, ಜಾವಕ್ಕೆ ಮೂರು ತಾಸು. ‘ಜಾವ’ ಹಿಂದುಮುಂದಾದರೆ ‘ವಜಾ’. ‘ಹಕ್ಕಿಗೆ ಎರಡು, ತಿಂಗಳಿಗೂ ಎರಡು (2)’ ಎಂದರೆ ‘ಪಕ್ಷ’. ಚುನಾವಣೆಯ ಕಾಲದಲ್ಲಾದರೆ ಮೂರನೆಯ ಅರ್ಥವನ್ನೂ ಸೇರಿಸಬಹುದು. ‘ತಲೆಯ ಮೇಲಿಟ್ಟುಕೊಂಡು ಸಮಯ (2)’ ಎಂದರೆ ‘ಹೊತ್ತು’.

ಈ ಜಿಲ್ಲೆಯಲ್ಲಿ ಕೂತು ಬರೆದವರಿಗೆ ಮಾತ್ರ ಹೊಳೆಯಬಹುದಾದ ಒಂದು ಸುಳಿವಿದೆ: ‘ಮಳೆ ಬಂದು ಹನ್ನೆರಡು ತಿಂಗಳಾಯಿತು (2)’. ಚಳ್ಳಕೆರೆಯ ಕಡೆಯ ಶೇಂಗಾ ಬೆಳೆಗಾರರೊಬ್ಬರು ಮುಗಿಲು ನೋಡಿ ಹೇಳಿದ ಮಾತಿನಂತೆ ಅದು ಕೇಳಿಸುತ್ತದೆ. ಮಳೆ ಎಂದರೆ ‘ವರ್ಷ’. ಹನ್ನೆರಡು ತಿಂಗಳೂ ‘ವರ್ಷ’. ಮಳೆಯನ್ನೇ ಅಳತೆಗೋಲು ಮಾಡಿಕೊಂಡು ಕಾಲ ಎಣಿಸಿದ ಹಿರಿಯರು ಎರಡಕ್ಕೂ ಒಂದೇ ಪದ ಇಟ್ಟರು. ಮೇಲ್ಮೈಯ ಮಾತು ನಿಜವಾಗಿರುವುದು, ಅಡಿಯ ಲೆಕ್ಕವೂ ನಿಜವಾಗಿರುವುದು: ಗೂಢ ಸುಳಿವಿನಲ್ಲಿ ನಾನು ಹುಡುಕುವುದು ಈ ಕೂಟವನ್ನೇ. ಬರೀ ಜಾಣತನದ ಸುಳಿವು ಬಿಡಿಸಿದ ಮರುಕ್ಷಣ ಮರೆತುಹೋಗುತ್ತದೆ.

ಸಂವತ್ಸರಗಳಂತೂ ಅರವತ್ತು ಹೆಸರುಗಳ ಕಣಜ. ಪಂಚಾಂಗ ನೋಡುವ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಅವು ಕಿವಿಗೆ ಬೀಳುತ್ತವೆ, ಆದರೆ ಅರ್ಥ ಕೇಳುವವರು ಕಡಿಮೆ. ಅಣೆಕಟ್ಟು ಮುಗಿದ 1907–08 ಪ್ಲವಂಗ ಸಂವತ್ಸರ. ಪ್ಲವಂಗ ಎಂದರೆ ಕೋತಿ. 2011–12 ಖರ, ಅಂದರೆ ಕತ್ತೆ. ಕೋಡಿ ಬಿದ್ದ 1933–34 ಶ್ರೀಮುಖ, 2022–23 ಶುಭಕೃತ್. ಎರಡೂ ಹೆಸರಿಗೆ ತಕ್ಕಂತೆ ನಡೆದುಕೊಂಡವು. ‘ಅರವತ್ತರಲ್ಲಿ ಒಂದು ಕೋತಿ (3)’ ಎಂದು ಕೇಳಿದರೆ ಪ್ಲ, ವಂ, ಗ.

ಸಂಧಿಯ ಮಾತು ಬಿಡುವಂತಿಲ್ಲ. ಮಳೆಗಾಲ, ಚಳಿಗಾಲ ಎನ್ನುವಾಗ ‘ಕಾಲ’ದ ಕಕಾರ ಗಕಾರವಾಗಿ ವೇಷ ಬದಲಿಸುತ್ತದೆ. ಶಾಲೆಯಲ್ಲಿ ಆದೇಶ ಸಂಧಿ ಎಂದು ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಕೋಟೆಗೆ ಸೂರ್ಯ ಮುಳುಗಿದ ಕಾದಂಬರಿ (5)’ ಬಿಡಿಸುವಾಗ ದುರ್ಗ, ಅಸ್ತಮಾನ ಎಂದು ಎರಡು ಪದ ಸಿಗುತ್ತವೆ, ಎಣಿಸಿದರೆ ಆರು ಅಕ್ಷರ. ಐದೇ ಮನೆ ಇವೆ. ಸವರ್ಣದೀರ್ಘ ಸಂಧಿ ‘ಅ’ವನ್ನು ನುಂಗಿ ‘ರ್ಗಾ’ ಮಾಡಿದ ಮೇಲೆ ಲೆಕ್ಕ ಕೂಡುತ್ತದೆ. 1779ರಲ್ಲಿ ಹೈದರಾಲಿಗೆ ಬಿದ್ದ ಕೋಟೆಯ ಕಥೆ ಹೇಳುವ ಆ ಕೃತಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ತ.ರಾ.ಸು. ಇರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಪದ ಕೂಡಿದರೆ ಅಕ್ಷರಗಳ ಮೊತ್ತ ಬದಲಾಗುವುದಿಲ್ಲ. ನಮ್ಮಲ್ಲಿ ಬದಲಾಗುತ್ತದೆ, ಅದೇ ನಮ್ಮ ಆಟದ ಸೊಗಸು.

ರಾಣಿ, ಕಾಲ ಎರಡೂ ಒಂದೇ ಕಡೆ ಸೇರುವ ಪದವೂ ಇದೆ. ‘ಕೊಟ್ಟಿಗೆಯಲ್ಲಿ ಕರೆಯುವುದಕ್ಕೆ, ಅರಮನೆಯಲ್ಲಿ ಪಟ್ಟಕ್ಕೆ (3)’. ‘ಕರೆಯುವುದು’ ಇಲ್ಲಿ ಕೂಗುವುದಲ್ಲ, ಹಾಲು ಹಿಂಡುವುದು. ‘ಮಹಿಷಿ’ ಎಂದರೆ ಎಮ್ಮೆ, ಪಟ್ಟದ ರಾಣಿಯೂ ಮಹಿಷಿ. ಈಗ ‘ಸಮಯ’ವನ್ನು ಹಿಂದಿನಿಂದ ಓದಿ ನೋಡಿ: ಯ, ಮ, ಸ. ಮೊದಲೆರಡು ಮನೆಯಲ್ಲಿ ಯಮ ನಿಂತಿದ್ದಾನೆ. ಯಮನಿಗೆ ಕಾಲ ಎಂದೂ ಹೆಸರು, ಅವನ ವಾಹನ ಮಹಿಷ. ಹಾಗಾದರೆ ‘ಕಾಲನ ವಾಹನದ ಜೋಡಿಗೆ ಪಟ್ಟ (3)’ ಎಂದರೂ ಮಹಿಷಿಯೇ. ನಿಘಂಟಿನ ಇಷ್ಟು ದೂರದ ಮೂಲೆಗಳು ಹೀಗೆ ಕೈ ಹಿಡಿದುಕೊಂಡಿರುವುದನ್ನು ನೇರ ಸುಳಿವು ಎಂದೂ ತೋರಿಸಲಾರದು.

ಇದೆಲ್ಲ ಹೊರಗಿನಿಂದ ಬಂದ ಹವ್ಯಾಸ ಎನ್ನುವವರು ನಮ್ಮ ಹಳೆಯ ಕಾಲಗಣನೆಯನ್ನು ನೋಡಬೇಕು. ಕಾವ್ಯ, ಶಾಸನಗಳಲ್ಲಿ ವರ್ಷವನ್ನು ಅಂಕಿಯ ಬದಲು ಪದಗಳಲ್ಲಿ ಕಟ್ಟುವ ಭೂತಸಂಖ್ಯೆಯ ಪದ್ಧತಿ ಇತ್ತು. ಚಂದ್ರ ಒಂದು, ಕಣ್ಣು ಎರಡು, ವೇದ ನಾಲ್ಕು, ಬಾಣ ಐದು, ಗಿರಿ ಏಳು, ನಿಧಿ ಒಂಬತ್ತು, ಆಕಾಶ ಸೊನ್ನೆ. ಬಿಡಿಸುವಾಗ ಬಲದಿಂದ ಎಡಕ್ಕೆ. ಆ ಕ್ರಮದಲ್ಲಿ ದುರ್ಗ ಬಿದ್ದ ಇಸವಿಯನ್ನು ನಾನು ‘ನಿಧಿ, ಗಿರಿ, ಗಿರಿ, ಚಂದ್ರ’ ಎಂದು ಬರೆಯುತ್ತೇನೆ. ಬೆಟ್ಟಗಳ ಊರಿಗೆ ಎರಡು ಗಿರಿ ಒದಗಿದ್ದು ಚೆನ್ನಾಗಿದೆ.

ಜಿಲ್ಲೆಯ ಅತ್ಯಂತ ಹಳೆಯ ಕಾಲದ ಒಗಟು ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಮೇಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಅದರಲ್ಲಿ ಇನ್ನೂರು, ಐವತ್ತು, ಆರು ಎಂಬ ಮೂರು ಅಂಕಿ ಚಿಹ್ನೆಗಳಿವೆ. 256, ಆದರೆ ಏನು 256? ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳು ಎಂದರು ಶಾಸನತಜ್ಞ ಬ್ಯೂಲರ್. ಹಾಗಾಗಿದ್ದರೆ ಬುದ್ಧನ ಕಾಲವೇ ಖಚಿತವಾಗಿಬಿಡುತ್ತಿತ್ತು. ವಾದ ಬಹಳ ನಡೆಯಿತು. ಬಿಡಿಸಲು ನೆರವಾದದ್ದು ಬಿಹಾರದ ಸಸಾರಾಮಿನಲ್ಲಿರುವ ಇದೇ ಶಾಸನದ ಇನ್ನೊಂದು ಪ್ರತಿ. ಅಲ್ಲಿ ಸಂಖ್ಯೆಯ ಜೊತೆಗೆ ರಾತ್ರಿ ಎಂಬರ್ಥದ ಪದವಿದೆ ಎಂದು ಎಫ್.ಡಬ್ಲ್ಯು. ಥಾಮಸ್ ಗುರುತಿಸಿದರು. ದೊರೆ ಸಂಚಾರದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥ ಹೆಚ್ಚಿನವರಿಗೆ ಒಪ್ಪಿಗೆಯಾಯಿತು. ಅಡ್ಡ ಸಾಲಿನಲ್ಲಿ ಸಂದೇಹವಿದ್ದಾಗ ಉದ್ದ ಸಾಲಿನಿಂದ ಬರುವ ಒಂದು ಅಕ್ಷರ ಅದನ್ನು ತೀರ್ಮಾನಿಸುವುದು ಹೀಗೆಯೇ.

ಇದೇ ಬಂಡೆಗಳಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಕೆತ್ತಿದ್ದಾನೆ. ಉಳಿದದ್ದೆಲ್ಲ ಎಡದಿಂದ ಬಲಕ್ಕೆ ಹೋಗುವ ಬ್ರಾಹ್ಮಿಯಲ್ಲಿ. ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದ ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ. ವಾಯವ್ಯದ ಲಿಪಿ ಬಲ್ಲವನು ತಾನು ಎಂಬ ಹೆಮ್ಮೆಯೋ, ಬಲ್ಲವರು ಬಿಡಿಸಿಕೊಳ್ಳಲಿ ಎಂಬ ಆಸೆಯೋ. ಅಶೋಕನ ರಾಣಿಯೊಬ್ಬಳ ಹೆಸರೂ ಕಲ್ಲಿನಲ್ಲಿ ಉಳಿದಿದೆ, ಇಲ್ಲಿಯಲ್ಲ, ಅಲಹಾಬಾದಿನ ಕಂಬದಲ್ಲಿ: ತೀವರನ ತಾಯಿ ಕಾರುವಾಕಿ. ಅವಳು ಕೊಟ್ಟ ಮಾವಿನ ತೋಪು, ತೋಟ, ದಾನಶಾಲೆಗಳನ್ನು ಅವಳ ಲೆಕ್ಕಕ್ಕೇ ಬರೆಯಬೇಕು ಎಂದು ಅಲ್ಲಿ ಆಜ್ಞೆಯಿದೆ. ಆ ಶಾಸನ ಅವಳನ್ನು ಕರೆಯುವುದು ‘ದೇವಿ’ ಎಂದು. ಈ ಪದವನ್ನು ನೆನಪಿನಲ್ಲಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತದೆ.

ಕನ್ನಡ ಪತ್ರಿಕೆಗಳು ವಾರಕ್ಕೊಂದಾದರೂ ಪೂರ್ತಿ ಗೂಢವಾದ ಪದಬಂಧ ಕೊಡಬೇಕೆಂಬುದು ನನ್ನ ಬೇಡಿಕೆ. ಮೊದಲ ಕೆಲವು ವಾರ ಉತ್ತರದ ಜೊತೆಗೆ ಅದು ಹೇಗೆ ಬಂತೆಂಬ ವಿವರಣೆಯನ್ನೂ ಅಚ್ಚು ಹಾಕಬೇಕು. ಇಲ್ಲದಿದ್ದರೆ ಹೊಸಬರು ಬೇಸತ್ತು ಪುಟ ತಿರುವುತ್ತಾರೆ. ಬರೆಯುವವರು ಸಿಗುತ್ತಾರೆ. ಮುಂಡಿಗೆ, ಬೆಡಗಿನ ವಚನ, ಒಗಟುಗಳನ್ನು ಕೇಳಿ ಬೆಳೆದ ಕಿವಿಗಳು ನಮ್ಮಲ್ಲಿ ಇನ್ನೂ ಇವೆ.

ಈ ಭಾನುವಾರಕ್ಕೆ ಮೂರು ಸುಳಿವು. ಒಂದು, ‘ದೇವಸ್ಥಾನದಲ್ಲಿ ತೂಗುವ ಅರವತ್ತು ನಿಮಿಷ (2)’. ಎರಡು, ‘ಬಣ್ಣ ಹೋಗದ ತಿಂಗಳಿನ (3)’. ಮೂರು, ‘ಹಿಂದಿರುಗಿದ ರಾಣಿಗೆ ಹರಿಹರದ ತಲೆಬಾಗಿಲು, ಸೀತೆಯ ತವರು (3)’.